ಸಂಶಯವೂ ನಿರ್ಣಯವೂ

ಮನುಷ್ಯನ ಅರಿವು ಬಹುಮಟ್ಟಿಗೆ ಅಪೂರ್ಣವಾದುದೆಂಬ ಮಾತನ್ನು ಯಾರೂ ಅಲ್ಲಗಳೆಯಲಾರರು. ಆದರೆ ಮಾಡಬೇಕಾದ ಕಾರ್ಯವು ಅರಿವು ಪೂರ್ಣವಾಗುವ ತನಕ ಕಾದು ನಿಲ್ಲುವುದಿಲ್ಲ. ಹೊಳೆ ಏರುತ್ತಿರುವಾಗ ದಾಟುವುದೋ ಬಿಡುವುದೋ ಎಂಬುದನ್ನೂ, ರೋಗಿಯು ಮಲಗಿರುವಾಗ ಇದು ಯಾವ ರೋಗವೆಂಬುದನ್ನೂ ಆ ಗಳಿಗೆಯಲ್ಲಿಯೇ ತೀರ್ಮಾನಿಸಬೇಕಾಗುವುದು. ಹೀಗಿರಲು, ನಿಶ್ಚಯವಾಗಿ ತಿಳಿಯದ ವಿಷಯದಲ್ಲಿ ನಿರ್ಣಯವನ್ನು ಕೈಗೊಳ್ಳುವುದು ಯುಕ್ತವೇ? ಯುಕ್ತವಾದರೆ ಅದಕ್ಕೆ ನಿಯಮವೇನಾದರೂ ಉಂಟೇ? ನಿರ್ಣಯವು ತಪ್ಪಾದಾಗ ಹೊಣೆ ಯಾರದು? ಈ ಪ್ರಶ್ನೆಗಳು ಪ್ರಾಚೀನವಾದುವು. ಆದರೆ ಇಂದು ಯಂತ್ರಗಳು ಮನುಷ್ಯನ ಪರವಾಗಿ ಊಹಿಸತೊಡಗಿರುವುದರಿಂದ ಇವು ಹೊಸದಾಗಿ ವಿಚಾರಕ್ಕೆ ಬಂದಿವೆ.

ವಿಚಾರಕ್ಕೆ ದೂರದ ದೃಷ್ಟಾಂತವು ಬೇಕಾಗಿಲ್ಲ. ೧೯೮೨ನೆಯ ಇಸವಿಯ ಕೊನೆಯಲ್ಲಿ ಬೆಳ್ತಂಗಡಿ ತಾಲೂಕಿನ ಕಾಡಂಚಿನ ಗ್ರಾಮಗಳಲ್ಲಿ ಮಂಗನ ಕಾಯಿಲೆಯು ಕಾಣಿಸಿಕೊಂಡು, ಮರುವರ್ಷ ಬಹಳ ಜನರನ್ನು ಪೀಡಿಸಿ ಪ್ರಾಣಹಾನಿಯನ್ನುಂಟುಮಾಡಿತು. ಈ ರೋಗವು ಮೊದಲು ಗೊತ್ತಾದುದು ೧೯೫೭ರಲ್ಲಿ, ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ. ಕಾಡಿನ ಉಣುಗುಗಳು ಇದರ ವಾಹಕಗಳು. ಮುಸುವಗಳೂ ಕೆಂಪು ಮಂಗಗಳೂ ಇದರಿಂದ ಸಾಯುತ್ತವೆ. ಆ ಉಣುಗು ಕಚ್ಚಿದ ಮನುಷ್ಯನಿಗೆ ತೀವ್ರವಾದ ಜ್ವರ, ತಲೆನೋವು, ಮೈಕೈನೋವುಗಳು ಬಂದು, ಕೆಲವೊಮ್ಮೆ ರಕ್ತಸ್ರಾವವೂ ಆಗುವುದು. ಮಳೆಗಾಲ ಕಳೆದು ಕಾಡು ಒಣಗಿದ ಮೇಲೆ, ಡಿಸೆಂಬರಿನಿಂದ ಮೇ ತಿಂಗಳವರೆಗೆ, ಇದರ ಹಾವಳಿ ಹೆಚ್ಚು. ಕಾಡನ್ನು ಕಡಿದು ಗೇರು ನೆಟ್ಟುದು ಬೆಳ್ತಂಗಡಿಯ ಹಾವಳಿಗೆ ಒಂದು ಕಾರಣವಾಗಿರಬಹುದೆಂದು ಅದನ್ನು ಪರಿಶೀಲಿಸಿದವರು ಅಭಿಪ್ರಾಯಪಟ್ಟರು.

ಇಂತಹ ಕಾಲದಲ್ಲಿ ಕಾಡಂಚಿನ ಒಂದು ಆಸ್ಪತ್ರೆಗೆ ಜ್ವರ ಬಂದವನೊಬ್ಬನನ್ನು ಕರೆತಂದರೆಂದು ಊಹಿಸಬಹುದು. ವೈದ್ಯನ ಮುಂದಿರುವುದು ಜ್ವರ ಮಾತ್ರ. ಅದು ಮಲೇರಿಯಾ ಆಗಿರಬಹುದು, ಇಲಿಜ್ವರವಾಗಿರಬಹುದು, ನಾಲ್ಕು ದಿನಗಳಲ್ಲಿ ತಾನಾಗಿ ಇಳಿಯುವ ಸಾಮಾನ್ಯ ಜ್ವರವೂ ಆಗಿರಬಹುದು. ರಕ್ತವನ್ನು ಪರೀಕ್ಷೆಗೆ ಕಳುಹಿಸಿದರೆ ಉತ್ತರ ಬರಲು ದಿನಗಳು ಬೇಕು. ಅಷ್ಟರಲ್ಲಿ ಯಾರೋ ಒಬ್ಬರು, ಈ ಮನೆಯ ಹಿಂದಣ ಗುಡ್ಡದಲ್ಲಿ ಮಂಗವೊಂದು ಸತ್ತು ಬಿದ್ದಿದೆಯೆಂದು ಹೇಳುತ್ತಾರೆ. ವೈದ್ಯನು ಈಗ ಏನೆಂದು ತಿಳಿಯಬೇಕು?

ತರ್ಕಶಾಸ್ತ್ರವನ್ನು ಓದಿದವರಿಗೆ ಇದು ಅನುಮಾನಪ್ರಮಾಣದ ವಿಷಯವೆಂದು ಹೊಳೆಯದಿರದು. ಪರ್ವತದಲ್ಲಿ ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವಂತೆ, ಮಂಗದ ಸಾವನ್ನು ಕಂಡು ಕಾಡಿನಲ್ಲಿ ಕಾಯಿಲೆಯಿದೆಯೆಂದು ಊಹಿಸುವುದು. ಆದರೆ ಹೊಗೆಗೂ ಬೆಂಕಿಗೂ ಇರುವ ವ್ಯಾಪ್ತಿಯು ಇಲ್ಲಿಲ್ಲ. ಹೊಗೆಯಿರುವಲ್ಲೆಲ್ಲ ಬೆಂಕಿಯುಂಟು, ಮಂಗ ಸತ್ತಲ್ಲೆಲ್ಲ ಕಾಯಿಲೆಯಿಲ್ಲ. ವಿದ್ಯುತ್ತಂತಿಯನ್ನು ಮುಟ್ಟಿ ಸತ್ತಿರಬಹುದು, ನಾಯಿಗಳು ಕಚ್ಚಿ ಸತ್ತಿರಬಹುದು, ಮುಪ್ಪಿನಿಂದ ಸತ್ತಿರಬಹುದು. ಅನ್ನಂಭಟ್ಟನ ತರ್ಕಸಂಗ್ರಹವನ್ನು ಮುಗಿಸಿದ ವಿದ್ಯಾರ್ಥಿಯು ಕೂಡಲೆ, ಈ ಹೇತುವು ಸವ್ಯಭಿಚಾರ, ಆದುದರಿಂದ ಹೇತ್ವಾಭಾಸ, ಆದುದರಿಂದ ತ್ಯಾಜ್ಯ ಎಂದು ಹೇಳುವನು. ಶಾಸ್ತ್ರದೃಷ್ಟಿಯಿಂದ ಅವನ ಮಾತು ಸರಿ. ಆದರೆ ಆ ಮಾತನ್ನು ಕೇಳಿ ವೈದ್ಯನು ಮಂಗದ ಸಾವನ್ನು ಗಣನೆಗೆ ತಾರದೆ ಬಿಟ್ಟರೆ, ರೋಗಿಯ ಗತಿಯೇನು? ವಿದ್ಯಾರ್ಥಿಯು ಯಾವುದನ್ನು ಆಭಾಸವೆಂದು ಎಸೆದನೋ ಅದರಲ್ಲಿಯೇ ಒಂದು ಪಾಲು ಸತ್ಯವಿತ್ತು.

ನಮ್ಮ ಪ್ರಾಚೀನರು ಈ ತೊಡಕನ್ನು ಅರಿಯದವರಲ್ಲ. ಗೌತಮನು ಎಣಿಸಿದ ಹದಿನಾರು ಪದಾರ್ಥಗಳಲ್ಲಿ ಸಂಶಯವು ಮೂರನೆಯದು, ನಿರ್ಣಯವು ಒಂಬತ್ತನೆಯದು. ಸಂಶಯವಿಲ್ಲದಲ್ಲಿ ವಿಚಾರವೇ ಹುಟ್ಟದೆಂಬುದು ಇದರ ಧ್ವನಿ. ಮಬ್ಬು ಬೆಳಕಿನಲ್ಲಿ ಕಂಡದ್ದು ಮೋಟುಮರವೋ ಮನುಷ್ಯನೋ ಎಂಬ ಹಳೆಯ ಉದಾಹರಣೆಯನ್ನು ಎಲ್ಲರೂ ಬಲ್ಲರು. ಚಾರ್ವಾಕನು ಇನ್ನೂ ಮುಂದೆ ಹೋಗಿ, ವ್ಯಾಪ್ತಿಯನ್ನು ಯಾರೂ ಪೂರ್ತಿಯಾಗಿ ಕಂಡವರಿಲ್ಲವಾದುದರಿಂದ ಅನುಮಾನವು ಪ್ರಮಾಣವೇ ಅಲ್ಲ, ಲೋಕವು ನಡೆಯುವುದು ಸಂಭಾವನೆಯ ಬಲದಿಂದ ಮಾತ್ರ ಎಂದನು. ಉದಯನಾಚಾರ್ಯನು ನ್ಯಾಯಕುಸುಮಾಂಜಲಿಯಲ್ಲಿ ಇದಕ್ಕೆ ಉತ್ತರ ಕೊಡುತ್ತ, ಸಂಶಯಕ್ಕೂ ಒಂದು ಎಲ್ಲೆಯುಂಟು, ತನ್ನ ನಡತೆಗೆ ತಾನೇ ವಿರೋಧ ಬರುವಲ್ಲಿ ಸಂಶಯವು ನಿಲ್ಲುವುದು ಎಂದನು. ಹದಿನಾಲ್ಕನೆಯ ಶತಮಾನದ ಗಂಗೇಶೋಪಾಧ್ಯಾಯನು ಅದನ್ನೇ ವಿಶದಪಡಿಸಿದನು: ಹೊಗೆಗೆ ಬೆಂಕಿಯು ಕಾರಣವಹುದೋ ಅಲ್ಲವೋ ಎಂದು ವಾದಿಸುವವನೂ ಹೊಗೆ ಬೇಕಾದಾಗ ಬೆಂಕಿಯನ್ನೇ ತರುತ್ತಾನೆ, ಹಸಿವು ಆರಲು ಅನ್ನವನ್ನೇ ಉಣ್ಣುತ್ತಾನೆ, ತನ್ನ ಸಂಶಯವನ್ನು ಪರರಿಗೆ ತಿಳಿಸಲು ಮಾತನ್ನೇ ಆಡುತ್ತಾನೆ. ಖಂಡನಖಂಡಖಾದ್ಯದ ಶ್ರೀಹರ್ಷನಾದರೋ ಉದಯನನ ಮಾತನ್ನೇ ತಿರುಗಿಸಿ, ವಿರೋಧವಿದೆಯೆಂದಾದರೆ ಸಂಶಯವೂ ಇದೆಯೆಂದೇ ಆಯಿತಲ್ಲ ಎಂದು ಕೇಳಿದ್ದನು. ಗಂಗೇಶನ ವಿಚಾರವು ಆ ಪ್ರಶ್ನೆಗೂ ಉತ್ತರವಾಗಿತ್ತು.

ಈ ವಾದದಲ್ಲಿ ಗೆದ್ದವರು ಯಾರೆಂಬುದು ಬೇರೆಯ ಮಾತು. ಪ್ರಕೃತಕ್ಕೆ ಬೇಕಾದುದಿಷ್ಟೆ: ಸಂಶಯವನ್ನು ನೀಗುವುದು ಹೇಗೆಂದು ನೈಯಾಯಿಕರು ಬಹಳವಾಗಿ ಚಿಂತಿಸಿದರು, ನೀಗದೆ ಉಳಿದ ಸಂಶಯವನ್ನು ಅಳೆಯುವುದು ಹೇಗೆಂದು ಚಿಂತಿಸಲಿಲ್ಲ. ಚಾರ್ವಾಕನ ಬಾಯಲ್ಲಿ ಸಂಭಾವನೆಯೆಂಬ ಮಾತೇನೋ ಬಂದಿತು. ಆದರೆ ಎಷ್ಟು ಸಂಭಾವನೆ ಎಂದು ಕೇಳಿದರೆ ಅವನಲ್ಲಿ ಸೇರು ಪಾವುಗಳಿರಲಿಲ್ಲ.

ಆ ಅಳತೆಯು ಒದಗಿದುದು ಇಂಗ್ಲೆಂಡಿನ ಥಾಮಸ್ ಬೇಯಸ್ ಎಂಬ ಪಾದ್ರಿಯ ಲೇಖನದಿಂದ. ಅವನು ೧೭೬೧ರಲ್ಲಿ ತೀರಿಕೊಂಡನು. ಲೇಖನವು ೧೭೬೩ರಲ್ಲಿ ಪ್ರಕಟವಾಯಿತು. ಅದರ ತಿರುಳನ್ನು ಮೇಲಣ ರೋಗಿಯ ವಿಷಯದಲ್ಲಿಯೇ ಕಾಣಬಹುದು. ತಿಳಿವಿಗಾಗಿ ಕೆಲವು ಕಲ್ಪಿತ ಅಂಕೆಗಳನ್ನು ಹಿಡಿಯಲಿ. ಸಾವಿರ ಮಂದಿ ಜ್ವರಪೀಡಿತರಲ್ಲಿ ಹತ್ತು ಮಂದಿಗೆ ಮಂಗನ ಕಾಯಿಲೆಯಿದೆ. ಒಂದು ರೋಗಲಕ್ಷಣವು ಆ ಹತ್ತರಲ್ಲಿ ಒಂಬತ್ತು ಮಂದಿಯಲ್ಲಿ ಕಾಣುವುದು. ಉಳಿದ ೯೯೦ ಮಂದಿಯಲ್ಲಿಯೂ ಹತ್ತಕ್ಕೊಬ್ಬರಂತೆ ೯೯ ಮಂದಿಯಲ್ಲಿ ಕಾಣುವುದು. ಹಾಗಾದರೆ ಆ ಲಕ್ಷಣವುಳ್ಳವರು ಒಟ್ಟು ೧೦೮. ಅವರಲ್ಲಿ ನಿಜವಾದ ರೋಗಿಗಳು ಒಂಬತ್ತೇ ಮಂದಿ, ಎಂದರೆ ಹನ್ನೆರಡಕ್ಕೊಬ್ಬರು. ಹತ್ತರಲ್ಲಿ ಒಂಬತ್ತು ರೋಗಿಗಳಲ್ಲಿ ಕಾಣುವ ಲಕ್ಷಣವೆಂದು ಹೆದರಿದವನ ಹೆದರಿಕೆಯು ಎಷ್ಟು ಹೆಚ್ಚಿನದಾಗಿತ್ತೆಂಬುದು ಇದರಿಂದ ತಿಳಿಯುವುದು. ಈಗ ಮಂಗದ ಸಾವನ್ನು ಸೇರಿಸಬೇಕು. ಈ ರೋಗಿಗಳಲ್ಲಿ ಹತ್ತಕ್ಕೆ ಎಂಟು ಮಂದಿಯ ಮನೆಯ ಹತ್ತಿರ ಮಂಗ ಸತ್ತಿರುವುದು, ಉಳಿದವರಲ್ಲಿ ಇಪ್ಪತ್ತಕ್ಕೊಬ್ಬರ ಮನೆಯ ಹತ್ತಿರ ಮಾತ್ರ ಸತ್ತಿರುವುದು ಎಂದಿಟ್ಟರೆ, ಒಂಬತ್ತರಲ್ಲಿ ಸುಮಾರು ಏಳು, ತೊಂಬತ್ತೊಂಬತ್ತರಲ್ಲಿ ಸುಮಾರು ಐದು ಉಳಿಯುವುವು. ಹನ್ನೆರಡಕ್ಕೆ ಒಂದಾಗಿದ್ದ ಶಂಕೆಯು ಹನ್ನೆರಡಕ್ಕೆ ಏಳಾಗಿ, ಅರ್ಧವನ್ನು ಮೀರಿತು. ಎರಡೂ ಹೇತುಗಳು ಸವ್ಯಭಿಚಾರಗಳೇ. ಎರಡೂ ಶಾಸ್ತ್ರದಲ್ಲಿ ತ್ಯಾಜ್ಯಗಳೇ. ಆದರೂ ಎರಡು ದುರ್ಬಲವಾದ ನೂಲುಗಳು ಹೊಸೆದು ಹಗ್ಗವಾದಂತೆ, ಅವು ಸೇರಿ ವೈದ್ಯನನ್ನು ಎಚ್ಚರಿಸಬಲ್ಲುವು.

ಆದರೆ ಇಲ್ಲೊಂದು ಅಪಾಯವಿದೆ. ಹತ್ತು ಮಂದಿ ಬಂದು, ಮಂಗ ಸತ್ತಿತು, ಮಂಗ ಸತ್ತಿತು ಎಂದರೆ ಅದು ಹತ್ತು ಸಾಕ್ಷ್ಯವೆಂದು ಎಣಿಸಬಹುದೇ? ಒಬ್ಬನು ಕಂಡು ಅಂಗಡಿಯ ಜಗಲಿಯಲ್ಲಿ ಹೇಳಿದುದನ್ನು ಉಳಿದ ಒಂಬತ್ತು ಮಂದಿ ಕೇಳಿಬಂದಿದ್ದರೆ ಸಾಕ್ಷಿಯು ಒಬ್ಬನೇ. ಅದನ್ನು ಹತ್ತಾಗಿ ಗುಣಿಸಿದವನು ಸುಳ್ಳಾಡದೆಯೇ ಸುಳ್ಳಿಗೆ ಸಿಕ್ಕುವನು. ಆದುದರಿಂದ ಹೇತುಗಳನ್ನು ಕೂಡಿಸುವುದಕ್ಕೆ ಮುನ್ನ, ಯಾವುದು ಯಾವುದನ್ನು ಆಶ್ರಯಿಸಿದೆ, ಯಾವುದು ಸ್ವತಂತ್ರವಾದುದು ಎಂಬುದನ್ನು ವಿಂಗಡಿಸಬೇಕು. ಇದು ಲೆಕ್ಕದ ಮಾತೂ ಹೌದು, ನೀತಿಯ ಮಾತೂ ಹೌದು. ಊರಿನಲ್ಲಿ ಹಬ್ಬುವ ಎಷ್ಟೋ ಅಪವಾದಗಳು ಒಂದೇ ಬಾಯಿಂದ ಹೊರಟು ನೂರು ಕಿವಿಗಳಲ್ಲಿ ನೂರು ಪ್ರಮಾಣಗಳಾದುವುಗಳೇ ಆಗಿವೆ.

ಯಂತ್ರಕ್ಕೆ ತರ್ಕವನ್ನು ಕಲಿಸಹೊರಟ ವಿದ್ವಾಂಸರೂ ಇದೇ ದಾರಿಯಲ್ಲಿ ಎಡವಿ ಎದ್ದರು. ಮೊದಲು ಅವರು ನಿಶ್ಚಿತವಾದ ನಿಯಮಗಳನ್ನಷ್ಟೇ ಕೊಟ್ಟರು; ಅಪವಾದವಿಲ್ಲದ ನಿಯಮವು ಲೋಕದಲ್ಲಿ ವಿರಳವಾದುದರಿಂದ ಅದು ಬಹುದೂರ ಸಾಗಲಿಲ್ಲ. ೧೯೭೦ರ ದಶಕದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಮೈಸಿನ್ ಎಂಬ ಗಣಕಕ್ರಮವನ್ನು ರಚಿಸಿದರು. ರಕ್ತಕ್ಕೆ ತಗಲಿದ ಸೋಂಕು ಯಾವ ಜೀವಾಣುವಿನದೆಂದು ನೂರಾರು ನಿಯಮಗಳ ಮೂಲಕ ಊಹಿಸುವುದು ಅದರ ಕೆಲಸ. ಪ್ರತಿಯೊಂದು ನಿಯಮಕ್ಕೂ ಇಷ್ಟು ನಂಬಿಕೆಯೆಂದು ಒಂದು ಅಂಕೆಯನ್ನು ಅಂಟಿಸಿದ್ದರು. ಅದರ ಸಲಹೆಗಳು ಒಳ್ಳೆಯವಾಗಿದ್ದರೂ, ಆಸ್ಪತ್ರೆಗಳ ದಿನಬಳಕೆಗೆ ಅದು ಬರಲಿಲ್ಲ. ಆ ಅಂಕೆಗಳನ್ನು ಕೂಡಿಸುವ ರೀತಿಯಲ್ಲಿಯೂ, ಒಂದನ್ನೊಂದು ಆಶ್ರಯಿಸಿದ ಹೇತುಗಳನ್ನು ಸ್ವತಂತ್ರವೆಂದು ಎಣಿಸುವ ದೋಷವು ಉಳಿದಿತ್ತು.

ದೋಷವಿಲ್ಲದೆ ಲೆಕ್ಕ ಹಾಕಬೇಕಾದರೆ ಎಲ್ಲ ಸಂದರ್ಭಗಳನ್ನೂ ಒಂದೊಂದಾಗಿ ಎಣಿಸಬಾರದೇ ಎಂದು ಕೇಳಬಹುದು. ಹೌದು ಅಥವಾ ಅಲ್ಲ ಎಂಬ ಉತ್ತರವುಳ್ಳ ಸಂಗತಿಗಳು ಮೂವತ್ತು ಇದ್ದರೆ, ಅವು ಕೂಡಿ ಒದಗಬಹುದಾದ ಸಂದರ್ಭಗಳು ನೂರೇಳು ಕೋಟಿಗೂ ಮಿಕ್ಕುವುವು. ಇನ್ನೊಂದು ಸಂಗತಿಯು ಸೇರಿದೊಡನೆ ಅದು ಇಮ್ಮಡಿಯಾಗುವುದು. ಎಲ್ಲವನ್ನೂ ಎಣಿಸಿ ಸರಿಯಾದ ಉತ್ತರವನ್ನು ತರುವಷ್ಟರಲ್ಲಿ ರೋಗಿಯು ಬದುಕಿರಲಾರನು. ತಡವಾಗಿ ಬಂದ ಸತ್ಯವು ಕಾರ್ಯಕ್ಕೆ ಒದಗದು. ಈ ಕಾರಣದಿಂದಲೇ ಬೇಗನೆ ತರ್ಕಿಸುವುದು ಎಂಬುದು ಕೇವಲ ಅನುಕೂಲತೆಯ ಮಾತಲ್ಲ.

ಜೂಡಿಯಾ ಪರ್ಲ್ ಎಂಬ ವಿದ್ವಾಂಸನು ೧೯೮೮ರಲ್ಲಿ ಪ್ರಕಟಿಸಿದ ಗ್ರಂಥವು ಇದಕ್ಕೆ ದಾರಿ ತೋರಿತು. ಲೋಕದಲ್ಲಿ ಎಲ್ಲವೂ ಎಲ್ಲದರೊಡನೆ ನೇರವಾಗಿ ತೊಡಕಿಕೊಂಡಿಲ್ಲ. ಪ್ರತಿಯೊಂದು ಸಂಗತಿಯೂ ತನ್ನ ಹತ್ತಿರದ ಕೆಲವು ಕಾರಣಗಳನ್ನು ಮಾತ್ರ ಆಶ್ರಯಿಸಿದೆ. ಮಂಗ ಸಾಯುವುದಕ್ಕೂ ಮನುಷ್ಯನಿಗೆ ಜ್ವರ ಬರುವುದಕ್ಕೂ ನೇರವಾದ ನಂಟಿಲ್ಲ. ಉಣುಗಿನಲ್ಲಿರುವ ವೈರಾಣುವು ಎರಡಕ್ಕೂ ಕಾರಣ. ಕಾಡಿನ ಉಣುಗುಗಳಲ್ಲಿ ವೈರಾಣುವಿದೆಯೆಂದು ಪರೀಕ್ಷೆಯಿಂದಲೇ ತಿಳಿದುಬಿಟ್ಟರೆ, ಮಂಗ ಸತ್ತಿತೋ ಇಲ್ಲವೋ ಎಂಬುದು ಹೊಸದಾಗಿ ಹೆಚ್ಚೇನನ್ನೂ ಹೇಳದು. ಹೀಗೆ ಕಾರ್ಯಕಾರಣಗಳ ಬಲೆಯನ್ನು ಹೆಣೆದು, ಸಂಬಂಧವಿಲ್ಲದುದನ್ನು ಬಿಟ್ಟು, ಸಂಬಂಧವಿದ್ದಲ್ಲಿ ಮಾತ್ರ ಲೆಕ್ಕ ಮಾಡಿದರೆ ಕೋಟಿಗಳು ನೂರುಗಳಿಗೆ ಇಳಿಯುವುದುಂಟು. ಹಸಿ ಸೌದೆಯು ಸೇರಿದಾಗ ಮಾತ್ರ ಬೆಂಕಿಯಲ್ಲಿ ಹೊಗೆಯೇಳುವುದೆಂದು ಉಪಾಧಿಯನ್ನು ಎತ್ತಿ ತೋರಿಸಿದ ನೈಯಾಯಿಕನಿಗೆ ಈ ವಿವೇಕವು ಅಪರಿಚಿತವಾಗಿ ತೋರದು. ಆದರೂ ಬಲೆಯು ಬಹಳ ಜಟಿಲವಾದಾಗ ಈ ಉಪಾಯವೂ ಸೋಲುವುದು. ಎಲ್ಲ ಬಲೆಗಳಿಗೂ ಒದಗುವ ಶೀಘ್ರವಾದ ಮಾರ್ಗವನ್ನು ನಿರೀಕ್ಷಿಸಲಾಗದೆಂದು ೧೯೯೦ರಲ್ಲಿ ಪ್ರಕಟವಾದ ಒಂದು ಲೇಖನವು ತೋರಿಸಿತು. ಆಗ ಸರಿಸುಮಾರಾದ ಉತ್ತರದಲ್ಲಿ ತೃಪ್ತಿಪಡಬೇಕಾಗುವುದು. ಯಂತ್ರಕ್ಕೂ ಸರ್ವಜ್ಞತ್ವವಿಲ್ಲವೆಂಬುದು ಗಣಿತದಿಂದಲೇ ಸಿದ್ಧವಾದಂತಾಯಿತು.

ಈ ಪ್ರಾಂತದ ವಾಚಕರಿಗೆ ಇಲ್ಲಿ ಇನ್ನೊಂದು ದರ್ಶನದ ನೆನಪು ಬಾರದಿರದು. ಬೆಳ್ತಂಗಡಿಗೆ ಹತ್ತಿರದ ಮೂಡುಬಿದಿರೆಯ ಗುರುಬಸದಿಯು, ಹಳಗನ್ನಡ ಲಿಪಿಯ ತಾಳೆಯೋಲೆಗಳಲ್ಲಿ ಧವಲಾದಿ ಸಿದ್ಧಾಂತಗ್ರಂಥಗಳನ್ನು ಶತಮಾನಗಳ ಕಾಲ ಕಾಪಾಡಿಕೊಂಡು ಬಂದು, ೧೯೩೯ರಿಂದ ಅವು ಅಚ್ಚಾಗಿ ಲೋಕಕ್ಕೆ ದೊರೆಯುವಂತೆ ಮಾಡಿತು. ಆ ಪರಂಪರೆಯ ಸ್ಯಾದ್ವಾದವು ಪ್ರತಿಯೊಂದು ಹೇಳಿಕೆಗೂ ‘ಸ್ಯಾತ್’ ಎಂಬ ಪದವನ್ನು ಮುಂದಿಡುವುದು. ಉಂಟು, ಇಲ್ಲ, ಅವಕ್ತವ್ಯ ಎಂಬ ಮೂರು ಮೂಲಭಂಗಿಗಳು ಒಂಟಿಯಾಗಿಯೂ, ಎರಡೆರಡಾಗಿಯೂ, ಮೂರೂ ಕೂಡಿಯೂ ಸೇರಿ ಏಳಾಗುವುವು. ಭಾರತದ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ೧೯೩೧ರಲ್ಲಿ ಸ್ಥಾಪಿಸಿದ ಪ್ರಶಾಂತಚಂದ್ರ ಮಹಾಲನೋಬಿಸರು, ಈ ಸಪ್ತಭಂಗಿಯಲ್ಲಿ ಸಂಖ್ಯಾಶಾಸ್ತ್ರದ ತಾತ್ವಿಕ ಹಿನ್ನೆಲೆಯು ಕಾಣುವುದೆಂದು ೧೯೫೪ರಲ್ಲಿ ಬರೆದರು. ಜೆ. ಬಿ. ಎಸ್. ಹಾಲ್ಡೇನರು ೧೯೫೭ರಲ್ಲಿ ಅದನ್ನೇ ವಿಚಾರಿಸಿ, ಕಾಣಿಸಿತೋ ಇಲ್ಲವೋ ಎನ್ನುವಷ್ಟು ಮಂದವಾದ ಬೆಳಕನ್ನು ನೋಡುವವನ ಉತ್ತರಗಳಿಗೆ ಅದನ್ನು ಅನ್ವಯಿಸಿ ತೋರಿಸಿದರು.

ಆದರೆ ಹೋಲಿಕೆಯನ್ನು ಹೆಚ್ಚಾಗಿ ಎಳೆಯಬಾರದು. ‘ಸ್ಯಾತ್’ ಎಂದರೆ ಬಹುಶಃ ಎಂದಲ್ಲ. ಒಂದು ದೃಷ್ಟಿಯಿಂದ ಎಂದರ್ಥ. ಶಂಕರಾಚಾರ್ಯರು ಬ್ರಹ್ಮಸೂತ್ರಭಾಷ್ಯದಲ್ಲಿ, ಇದು ಅನಿಶ್ಚಯವನ್ನೇ ಉಂಟುಮಾಡುವುದೆಂದು ಆಕ್ಷೇಪಿಸಿದರು. ಜೈನರ ಸಮಾಧಾನವು, ಯಾವ ದೃಷ್ಟಿಯಿಂದ ಎಂಬುದು ಗೊತ್ತಾದ ಮೇಲೆ ಹೇಳಿಕೆಯು ನಿಶ್ಚಿತವೇ ಎಂಬುದು. ವಸ್ತುವಿಗೆ ಅನೇಕ ಧರ್ಮಗಳಿರುವುದು ಬೇರೆ, ನೋಡುವವನಿಗೆ ಅರಿವು ಸಾಲದಿರುವುದು ಬೇರೆ. ರೋಗಿಗೆ ಮಂಗನ ಕಾಯಿಲೆಯು ಒಂದು ದೃಷ್ಟಿಯಿಂದ ಇದ್ದು ಇನ್ನೊಂದು ದೃಷ್ಟಿಯಿಂದ ಇಲ್ಲದಿರುವುದೆಂದಲ್ಲ. ಅದು ಇದೆ, ಇಲ್ಲವೇ ಇಲ್ಲ. ವೈದ್ಯನಿಗೆ ತಿಳಿಯದು, ಅಷ್ಟೆ. ಹೀಗಿದ್ದರೂ ಸ್ಯಾದ್ವಾದದಿಂದ ಕಲಿಯತಕ್ಕುದೊಂದುಂಟು: ಮಾತಿನ ಎಲ್ಲೆಯನ್ನು ಮಾತಿನಲ್ಲಿಯೇ ಹೇಳಿಬಿಡುವ ಸತ್ಯಸಂಧತೆ.

ಆ ಸತ್ಯಸಂಧತೆಯಿಂದಲೇ ಮೂಲಪ್ರಶ್ನೆಗೆ ಉತ್ತರವು ಆರಂಭವಾಗುವುದು. ಸಂದೇಹವಿರುವಾಗ ನಿರ್ಣಯಿಸುವುದು ತಪ್ಪಲ್ಲ. ಸಂದೇಹವನ್ನು ಮುಚ್ಚಿ ನಿರ್ಣಯಿಸುವುದು ತಪ್ಪು. ಹನ್ನೆರಡಕ್ಕೆ ಏಳು ಎಂಬಷ್ಟೇ ತಿಳಿದವನು, ನಿಶ್ಚಯವಾಗಿಯೂ ಇದೇ ಎಂದು ಹೇಳಿದರೆ, ಅವನ ಊಹೆಯು ಸರಿಯಾದರೂ ಮಾತು ಸುಳ್ಳು. ಇಂದು ಬಂದಿರುವ ಮಾತಾಡುವ ಯಂತ್ರಗಳಲ್ಲಿ ವಿವೇಕಿಗಳು ಕಾಣುವ ದೊಡ್ಡ ಕೊರತೆಯು ಇದೇ: ತಿಳಿದುದನ್ನೂ ತಿಳಿಯದುದನ್ನೂ ಅವು ಹಲವು ವೇಳೆ ಒಂದೇ ಧೈರ್ಯದ ಸ್ವರದಲ್ಲಿ ಹೇಳುವುವು. ಅಂಥ ಮನುಷ್ಯರೂ ಪ್ರತಿಯೊಂದು ಊರಿನಲ್ಲಿಯೂ ಉಂಟಾದುದರಿಂದ ಯಂತ್ರವನ್ನು ಮಾತ್ರ ದೂರುವುದು ಸಲ್ಲದು.

ಎರಡನೆಯದಾಗಿ, ಸಂಭಾವನೆಯ ಅಂಕೆಯು ತಾನಾಗಿ ಏನನ್ನೂ ಮಾಡೆಂದು ಹೇಳುವುದಿಲ್ಲ. ಯಾವ ತಪ್ಪು ಎಷ್ಟು ಭಾರವಾದುದೆಂಬುದನ್ನು ಬೇರೆಯಾಗಿ ತೂಗಬೇಕು. ಹವಾಮಾನ ಇಲಾಖೆಯವರು ಮಳೆಗೆ ಹಳದಿ, ಕಿತ್ತಳೆ, ಕೆಂಪು ಎಂದು ಎಚ್ಚರಿಕೆಯ ಬಣ್ಣಗಳನ್ನು ಕೊಡುವಾಗ, ಮಳೆ ಬರುವ ಸಂಭವವನ್ನೂ ಅದರಿಂದಾಗುವ ಹಾನಿಯನ್ನೂ ಜೊತೆಯಾಗಿ ನೋಡುವರು. ಶಾಲೆಗಳಿಗೆ ರಜೆ ಕೊಟ್ಟ ದಿನ ಬಿಸಿಲು ಕಾದರೆ ಜನರು ನಗುವುದುಂಟು. ಆದರೆ ೨೦೧೯ರ ಆಗಸ್ಟಿನಲ್ಲಿ ಚಾರ್ಮಾಡಿಯ ಗುಡ್ಡಗಳು ಕುಸಿದು, ಮೃತ್ಯುಂಜಯ ಹೊಳೆಯು ಉಕ್ಕಿ ತೋಟಗಳ ಮೇಲೆ ಮರಳನ್ನು ಹೊದಿಸಿದುದನ್ನು ಕಂಡವರು ಆ ನಗುವಿನಲ್ಲಿ ಸೇರಲಾರರು. ನಿರ್ಣಯವನ್ನು ಅದರ ಫಲದಿಂದ ಅಳೆಯುವುದಕ್ಕಿಂತ, ನಿರ್ಣಯಿಸಿದ ಗಳಿಗೆಯಲ್ಲಿ ತಿಳಿದಿದ್ದುದರಿಂದ ಅಳೆಯುವುದು ನ್ಯಾಯ. ಹಾಗೆಂದು ಎಚ್ಚರಿಕೆ ಕೊಡುವವನಿಗೂ ಲೆಕ್ಕದಿಂದ ಬಿಡುಗಡೆಯಿಲ್ಲ. ನೂರಕ್ಕೆ ಎಪ್ಪತ್ತೆಂದು ಹೇಳಿದ ದಿನಗಳಲ್ಲಿ ಹತ್ತಕ್ಕೆ ಏಳು ದಿನವಾದರೂ ಮಳೆ ಬಂದಿದೆಯೇ ಎಂದು ಅವನು ತನ್ನನ್ನು ತಾನು ಪರೀಕ್ಷಿಸಿಕೊಳ್ಳುತ್ತಿರಬೇಕು.

ಇದಕ್ಕಿಂತಲೂ ಗಹನವಾದ ಮಾತೊಂದುಂಟು. ಮಂಗ ಸತ್ತಿದೆಯೆಂದು ಕಾಡಿಗೆ ಹೋಗುವುದನ್ನು ತಡೆದರೆ ಸೋಂಕು ತಪ್ಪಬಹುದು. ಆದರೆ ಕಾಡಿಗೆ ಹೋಗುವವರು ಯಾರು? ಸೌದೆಗೆ, ಸೊಪ್ಪಿಗೆ, ತರಗೆಲೆಗೆ ಹೋಗುವ ಬಡವರು. ಊಹೆಯು ಸುಳ್ಳಾದರೆ ಒಲೆ ಆರುವುದು ಅವರದು. ಊಹೆಯನ್ನು ಅಲಕ್ಷಿಸಿದಾಗ ಅದು ನಿಜವಾದರೆ ಪ್ರಾಣ ಹೋಗುವುದೂ ಅವರದು. ನಿರ್ಣಯಿಸುವವನು ಮಾತ್ರ ಎರಡು ಪಕ್ಷದಲ್ಲಿಯೂ ಸುರಕ್ಷಿತನು. ಇಂತಹ ವೇಳೆ ಸಂದೇಹದ ಬೆಲೆಯನ್ನು ಪರರಿಂದ ತೆಗೆಸಿ, ನಿರ್ಣಯದ ಕೀರ್ತಿಯನ್ನು ತಾನಿಟ್ಟುಕೊಳ್ಳುವುದು ಅಧರ್ಮ. ಕಾಡನ್ನು ಮುಚ್ಚುವವನು ಒಲೆಗೆ ಸೌದೆಯನ್ನೂ ಒದಗಿಸಬೇಕು. ಒದಗಿಸಲಾರದವನು ಉಣುಗಿಗೆ ಹಚ್ಚುವ ತೈಲವನ್ನಾದರೂ ಮನೆಮನೆಗೆ ಮುಟ್ಟಿಸಿ, ಮಂಗ ಸತ್ತಲ್ಲಿ ನೆಲವನ್ನು ಶುದ್ಧಿಗೊಳಿಸಿ, ಆಮೇಲೆ ಉಪದೇಶಿಸಬೇಕು. ಯಂತ್ರವು ಏಳು ಐದರ ಲೆಕ್ಕವನ್ನು ಕ್ಷಣದಲ್ಲಿ ಕೊಡಬಲ್ಲುದು. ಆ ಏಳರಲ್ಲಿ ಯಾರಿದ್ದಾರೆ, ಐದರಲ್ಲಿ ಯಾರಿದ್ದಾರೆ ಎಂದು ಕೇಳಬೇಕಾದವನು ಮನುಷ್ಯನು. ಯಂತ್ರವು ಹೇಳಿತು ಎಂಬ ಮಾತು ಹೊಣೆಯನ್ನು ತಳ್ಳುವುದಕ್ಕೆ ನೆಪವಾಗಬಾರದು. ಯಂತ್ರಕ್ಕೆ ಆ ಅಂಕೆಗಳನ್ನು ಕೊಟ್ಟವರೂ, ಅದರ ಉತ್ತರವನ್ನು ಕೈಗೊಂಡವರೂ ಮನುಷ್ಯರೇ ಆಗಿದ್ದಾರೆ.

ಸಂಶಯಪಡುವವನು ಕೆಡುವನೆಂದು ಭಗವದ್ಗೀತೆಯಲ್ಲಿ ಹೇಳಿರುವುದನ್ನು ಕೆಲವರು ವಿಚಾರಕ್ಕೇ ನಿಷೇಧವೆಂದು ತಿಳಿಯುವರು. ಅಲ್ಲಿ ಕೆಡುವನೆಂದುದು ಸಂಶಯದಲ್ಲಿಯೇ ನೆಲಸಿ, ಅರಿವನ್ನೂ ಶ್ರದ್ಧೆಯನ್ನೂ ಕಳೆದುಕೊಂಡವನನ್ನು. ಮಬ್ಬಿನಲ್ಲಿ ಮೋಟುಮರವೋ ಮನುಷ್ಯನೋ ತಿಳಿಯದೆ ದಾರಿಯಲ್ಲಿ ನಿಂತೇ ಬಿಟ್ಟವನಿಗೆ ಊರು ಸಿಕ್ಕದು. ಮೋಟುಮರವೆಂದೇ ಶಪಥ ಮಾಡಿ ಕೋಲು ಬೀಸಿದವನು ಮನುಷ್ಯನನ್ನು ಹೊಡೆದಾನು. ವಿವೇಕಿಯು ನಡೆಯುತ್ತಲೇ, ಯಾರದು ಎಂದು ಕೂಗುವನು. ಉತ್ತರಕ್ಕೆ ಕಿವಿಗೊಟ್ಟು, ಕೋಲನ್ನು ಇಳಿಸಿಕೊಂಡೇ ಮುಂದಿನ ಹೆಜ್ಜೆಯನ್ನಿಡುವನು.